ಓಂಕಾರಪ್ಪನವರ ಅಷ್ಟಮಿ-ನವಮಿ

ಕೇರಳದ ಕಳಕ್ಕೂಟಂ ಐಟಿ ಪಾರ್ಕಿನಲ್ಲಿ ದಾವಣಗೆರೆಯ ಓಂಕಾರಪ್ಪನವರಷ್ಟು ಹಳಬರು ಯಾರೂ ಇಲ್ಲ. ಅವರು ಬಂದಾಗ ಅಲ್ಲಿನ ತೆಂಗಿನಮರಗಳು ಇನ್ನೂ ಕಾಯಿಯೊಳಗೇ ಇದ್ದವು. ಅವರು ಬರೆದ ಶೆಲ್ ಸ್ಕ್ರಿಪ್ಟೆಂಬ ಪುಟ್ಟ ಪ್ರೋಗ್ರಾಮೊಂದು ದಿನಾ ಬೆಳಿಗ್ಗೆ ಅಂದಿನ ತಾರೀಖಿಗೆ ಒಂದು ಕೂಡಿಸಿ, ನಾಳೆ ಎಷ್ಟು ಜನಕ್ಕೆ ಊಟವೆಂದು ಕ್ಯಾಂಟೀನಿನಲ್ಲಿ ಎಲ್ಲರೂ ಚೇಚಿ, ಅಂದರೆ ಅಕ್ಕ ಎನ್ನುವ ನಿರ್ಮಲ ಚೇಚಿಗೆ ಸಂದೇಶ ಕಳಿಸುತ್ತಿತ್ತು. ಮೂವತ್ತೊಂದಕ್ಕೂ ಒಂದು ಕೂಡಿಸಿ ಮೂವತ್ತೆರಡನೇ ತಾರೀಖಿಗೂ ಊಟ ಹೇಳುತ್ತಿತ್ತು. ಚೇಚಿ ತಕರಾರಿಲ್ಲದೆ ಬೇಯಿಸುತ್ತಿದ್ದರು.

ತಿಂಗಳ ಎಂಟು, ಒಂಬತ್ತರಂದು ಮಾತ್ರ ಸಂದೇಶ ಹೋಗುತ್ತಿರಲಿಲ್ಲ. ಚೇಚಿ ಅಂದಾಜಿಗೆ ಹಾಕಿದ ಅನ್ನ ಉಳಿದು, ಅದನ್ನು ತಿಂದ ಕಾಗೆಗಳು ಹಾರಲಾರದೆ ಬಸ್ಸಿನಲ್ಲಿ ತುಂಬ ಎಂಬ ತಮ್ಮ ಪಕ್ಕದೂರಿಗೆ ಮರಳುತ್ತಿದ್ದವು.

"ಅಷ್ಟಮಿ-ನವಮಿ ಕಣವ್ವಾ. ಮಿಷನ್ನಿಗೂ ಆಗಿಬರಲ್ಲ," ಎಂದು ಓಂಕಾರಪ್ಪ ಕಂಪ್ಯೂಟರಿಗೆ ನಿಂಬೆಹಣ್ಣು ನಿವಾಳಿಸುತ್ತಿದ್ದರು.

"ಸರ್, ತಾರೀಖಿಗೂ ತಿಥಿಗೂ ಏನ್ ಸಂಬಂಧ?" ಎಂದು ಪಕ್ಕದ ಕುರ್ಚಿಯ ಮೈಸೂರಿನ ಅನ್ವಿತಾ ನಗುತ್ತಿದ್ದಳು.

ಈ ಸಲ ನಗುವಂತಿರಲಿಲ್ಲ. ಒಂಬತ್ತಕ್ಕೆ ಆಫೀಸಿನ 'ಓಣಂ ಸದ್ಯ' ಎಂಬ ಹಬ್ಬದೂಟ, ಇನ್ನೂರಹನ್ನೆರಡು ಎಲೆ. ಎಂಟರ ಸಂದೇಶ ತಪ್ಪಿದರೆ ಹನ್ನೆರಡು ವರ್ಷದ ಸ್ಕ್ರಿಪ್ಟನ್ನು ಅಳಿಸಿ ಹೊಸ ಆ್ಯಪ್ ತರುವುದಾಗಿ ಮ್ಯಾನೇಜರ್ ಹೇಳಿಬಿಟ್ಟಿದ್ದರು.

ಎಂಟರ ಬೆಳಿಗ್ಗೆ ಚೇಚಿ ಬಾಗಿಲಲ್ಲಿ ನಿಂತರು. "ಸಾರೇ, ಎಣಿಕೆ ಬಂದಿಲ್ಲ. ತೆಂಗಿನಕಾಯಿ ತುರೀಬೇಕು!"

"ಹೋಗೈತಲ್ಲ! 'ಕಳಿಸಾಯ್ತು' ಅಂತ ಬರೆದೈತಿ ನೋಡು."

ಅನ್ವಿತಾ ಕುರ್ಚಿ ಎಳೆದುಕೊಂಡಳು. "ಅದು ಕೊನೇ ಸಾಲು ಸರ್, ಏನೇ ಆದ್ರೂ ಕೂಗುತ್ತೆ. ಕೊನೇ ಸಾಲು ಗೆದ್ರೆ ಇಡೀ ಸ್ಕ್ರಿಪ್ಟ್ ಗೆದ್ದಂಗೆ, 'ಎಲ್ಲಾ ಸರಿ' ಅನ್ನೋ ಗುರುತಿಗೆ ಸೊನ್ನೆ ಹೇಳಿ ಹೊರಡುತ್ತೆ. ಮೇಲ್ಗಡೆ ಸತ್ತಿದ್ದು ಯಾರಿಗೂ ಗೊತ್ತಾಗಲ್ಲ."

"ಸತ್ತಿದ್ದು ಯಾಕೆ?"

"ತಾರೀಖು ಸೊನ್ನೆ ಎಂಟು ಅಂತ ಬರೋ ಹಾಗೆ ಬರ್ದಿದೀರ. ಮುಂದೆ ಸೊನ್ನೆ ಇದ್ರೆ ಶೆಲ್ಲು ಎಂಟರ ಲೆಕ್ಕಕ್ಕೆ ಇಳಿಯುತ್ತೆ. ಅದ್ರಲ್ಲಿ ಏಳರ ಮೇಲೆ ಅಂಕಿನೇ ಇಲ್ಲ. ಸೊನ್ನೆ ಒಂಬತ್ತಿಗೂ ಅದೇ ಗತಿ. ಹತ್ತಕ್ಕೆ ಮುಂದೆ ಸೊನ್ನೆ ಇಲ್ವಲ್ಲ, ಬದುಕ್ಕೊಳ್ಳುತ್ತೆ."

ಓಂಕಾರಪ್ಪ ಮೇಜಿನ ಮೇಲೆ ತೆರೆದಿಟ್ಟಿದ್ದ ಪಂಚಾಂಗ ಮುಚ್ಚಿದರು. ಅನ್ವಿತಾ ಹೇಳಿದಂತೆ ಅವರೇ ತಮ್ಮ ಕೈಯಾರೆ ತಾರೀಖಿನ ಮುಂದೆ `10#` ಸೇರಿಸಿ ಹತ್ತರ ಲೆಕ್ಕವೆಂದು ತಿಳಿಸಿದರು. ಕಳಿಸುವ ಕೆಲಸ ಕೆಟ್ಟರೆ ಅಲ್ಲೇ `exit 1`, ಅಂದರೆ 'ಸೋತೆ' ಎಂದು ಒಪ್ಪಿಕೊಂಡು ನಿಲ್ಲುವಂತೆಯೂ ಮಾಡಿದರು. ಚೇಚಿಯ ಫೋನು ಕುಯ್‌ಗುಟ್ಟಿತು: ಇನ್ನೂರಹನ್ನೆರಡು.

"ಮೂವತ್ತೆರಡನೇ ತಾರೀಖೂ ತಿದ್ದೋಣ್ವಾ ಸರ್?"

"ಬ್ಯಾಡವ್ವಾ. ಆವತ್ತಿನ ಸಾಂಬಾರೇ ಭಾಳ ರುಚಿ."

ಮರುದಿನ ಓಂಕಾರಪ್ಪ ಮೂರು ಸಲ ಪಾಯಸ ಹಾಕಿಸಿಕೊಂಡರು. ಎಲೆಯ ತುದಿಯಲ್ಲಿದ್ದ ಉಪ್ಪಿನಕಾಯಿ ಅವರು ಕಂಪ್ಯೂಟರಿಗೆಂದು ಕೂಡಿಟ್ಟಿದ್ದ ನಿಂಬೆಹಣ್ಣಿನದು.