ಮಾವ ಎದ್ದು ಹೋಗುವ ತನಕ

ನಮ್ಮ ಧಾರವಾಡದ ಕಡೆ ಯಾರದಾದರೂ ಫೋಟೋ ತೆಗೆಯಬೇಕೆಂದರೆ ಮೊದಲು ಉಪ್ಪಿಟ್ಟು ತಿನ್ನಬೇಕು. ಬೇಡವೆಂದರೆ ನಡೆಯುವುದಿಲ್ಲ. ತಿಂದು, ಚಹಾ ಕುಡಿದು, ತವರುಮನೆ ಯಾವೂರು, ಗಂಡನಿಗೆ ಎಲ್ಲಿ ನೌಕರಿ, ಮಕ್ಕಳೆಷ್ಟು ಎಂಬ ವಿಚಾರಣೆ ಮುಗಿಯುವ ಹೊತ್ತಿಗೆ ಬೆಳಗಿನ ಒಳ್ಳೆಯ ಬೆಳಕು ಹೋಗಿಬಿಟ್ಟಿರುತ್ತದೆ. ಆಮೇಲೆ ಮನೆಮಂದಿಯೆಲ್ಲ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ಕುರ್ಚಿ ಸಾಲಾಗಿ ಇಟ್ಟು, ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಬೆಂಗಳೂರಿನ ಪತ್ರಿಕೆಗಳಿಗೆ ಬೇಕಾದದ್ದು ಮಾತ್ರ 'ಸಹಜವಾದ ಚಿತ್ರ'. ಈ ಎರಡರ ನಡುವೆ ಸಿಕ್ಕಿಕೊಂಡು ನಾನು ಹಲ್ಲು ಕಡಿದ ದಿನಗಳೇ ಹೆಚ್ಚು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನವನಗರದ ಮನೆಯಿಂದ ಮೊಪೆಡ್ ಮೇಲೆ ಕ್ಯಾಮೆರಾ ಚೀಲ ಹೇರಿಕೊಂಡು ಒಂದು ದಿನ ಹುಬ್ಬಳ್ಳಿ, ಒಂದು ದಿನ ಧಾರವಾಡ ಎಂದು ತಿರುಗುತ್ತಿದ್ದೆ. ಒಂದು ಮಾಸಪತ್ರಿಕೆಯ ಸಂಪಾದಕರಿಗೆ ಈ ಭಾಗದ ನೆನಪು ಬಂದಾಗಲೆಲ್ಲ ನನಗೆ ಫೋನು ಬರುತ್ತಿತ್ತು. ನೆನಪು ಬರುತ್ತಿದ್ದದ್ದು ಪೇಢೆ ತಿನ್ನಬೇಕೆನಿಸಿದಾಗ ಇಲ್ಲವೇ ಮಾವಿನ ಹಣ್ಣಿನ ಕಾಲದಲ್ಲಿ. ಖಾನಾವಳಿಯೊಂದರ ಫೋಟೋಕ್ಕೆ ಹೋದರೆ ಮಾಲೀಕರು ಜೋಳದ ರೊಟ್ಟಿಯ ನೆತ್ತಿಯ ಮೇಲೆ ಗುಲಾಬಿ ಇಟ್ಟು ಕಾಯುತ್ತಿದ್ದರು. ಸತ್ತೂರಿನ ಹತ್ತಿರ ಡಾಕ್ಟರೊಬ್ಬರ ಫೋಟೋ ಮಾತ್ರ ತೆಗೆಯಬೇಕೆಂದು ಹೋಗಿ, ಅವರ ಭಾವಮೈದುನರ ಸಮೇತ ಇಡೀ ಬಳಗದ ಗ್ರೂಪ್ ಫೋಟೋ ತೆಗೆದು ಬಂದಿದ್ದೇನೆ.

ಹೀಗಿರುವಾಗ ಒಂದು ದಿನ ಸಂಪಾದಕರು ಬೇರೆ ದನಿಯಲ್ಲಿ ಮಾತಾಡಿದರು. ಖಾದಿಯ ಬಗ್ಗೆ ವಿಶೇಷ ಸಂಚಿಕೆ ಬರುತ್ತಿದೆ, ಮುಖಪುಟ ನಿಮಗೇ ಎಂದರು.

"ಆದ್ರೆ ಒಂದ್ ವಿಷಯ ಮೇಡಂ, ನನಗೆ ಕೈ ಬೇಡ, ಚರಕ ಬೇಡ. ಮುಖ ಬೇಕು. ನೂಲುವ ಹೆಂಗಸು ನೇರವಾಗಿ ಓದುಗರನ್ನ ನೋಡ್ಬೇಕು. ಅದು ಸಿಗದಿದ್ರೆ ನಮ್ಮ ಹತ್ರ ಬೇರೆಯವರ ಫೋಟೋ ಇದೆ, ಅದನ್ನೇ ಹಾಕ್ತೀವಿ."

ಅಲ್ಲಿಯ ತನಕ ನನ್ನ ಚಿತ್ರಗಳೆಲ್ಲ ಒಳಪುಟದಲ್ಲಿ, ಜಾಹೀರಾತಿನ ಪಕ್ಕ, ಅಂಚೆಚೀಟಿಗಿಂತ ಸ್ವಲ್ಪ ದೊಡ್ಡದಾಗಿ ಬರುತ್ತಿದ್ದವು. 'ಅದ್ಯಾವ ಕೆಲಸಾನೋ ಏನೋ' ಎಂದು ಮೂಗು ಮುರಿಯುವ ನೆಂಟರು ಬೇಕಾದಷ್ಟಿದ್ದರು. ಈ ಮುಖಪುಟ ನನಗೆ ಬೇಕೇ ಬೇಕಾಗಿತ್ತು. ಮರುದಿನವೇ ಖಾದಿಗೆ ಹೆಸರಾದ ಗರಗದ ದಾರಿ ಹಿಡಿದೆ.

ಅಲ್ಲಿನ ನೂಲಿನ ಕೇಂದ್ರದಲ್ಲಿ ತಾನು ನೂತ ನೂಲಿನ ಲಡಿ ಕೊಡಲು ಬಂದಿದ್ದ ಒಬ್ಬಾಕೆಯನ್ನು ನೋಡಿದ ಕೂಡಲೇ ಇವಳೇ ಎಂದುಕೊಂಡೆ. ಮೂವತ್ತರ ಆಸುಪಾಸು. ಅಗಲವಾದ ಹಣೆ, ಎದುರಿಗಿದ್ದವರನ್ನು ತೂಗಿ ನೋಡುವ ಕಣ್ಣು. ಜೊತೆಯವಳೊಂದಿಗೆ ಗಟ್ಟಿಯಾಗಿ ವಾದ ಮಾಡುತ್ತಿದ್ದಳು. ಫೋಟೋ ತೆಗೆಯಲೇನು ಎಂದು ಕೇಳಿದರೆ ಥಟ್ಟನೆ ಹೇಳಿದಳು: "ನನಗೇನ್ರಿ ಅಕ್ಕಾರ, ತಗೀರಿ. ನಮ್ಮ ಮಾವಾರ್ನ ಒಂದ ಮಾತ ಕೇಳ್ರಿ. ನಾ ನೂಲೂದು ಮನ್ಯಾಗನ."

ಕೇಂದ್ರದವರ ಮೂಲಕ ಕೇಳಿಸಿದೆ. ಮಾವ ಒಪ್ಪುವುದಿಲ್ಲವೇನೋ ಎಂದು ಹೆದರಿದ್ದೆ, ಒಪ್ಪಿದರು. ಒಪ್ಪದಿದ್ದರೇ ಚೆನ್ನಾಗಿತ್ತು ಎಂದು ಆಮೇಲೆ ಅನ್ನಿಸಿತು.

ಹೇಳಿದ ದಿನ ಬೆಳಿಗ್ಗೆ ಹೋದಾಗ ಮುದುಕರು ಕ್ಷೌರ ಮಾಡಿಸಿಕೊಂಡು, ಬಿಳಿ ರುಮಾಲು ಸುತ್ತಿ, ಕಟ್ಟೆಯ ಮೇಲೆ ತಯಾರಾಗಿ ಕುಳಿತಿದ್ದರು. ನನ್ನ ಹಿಂದೆ ರಸ್ತೆಯ ಕಡೆ ಕಣ್ಣಾಡಿಸಿದರು.

"ಬರ್ರಿ ಬಾಯಾರ. ಫೋಟೋ ತಗ್ಯಾವ್ರು ಹಿಂದ ಬರಾಕತ್ತಾರೇನು?"

"ನಾನ ರಿ ಅಜ್ಜಾರ, ಫೋಟೋ ತಗ್ಯಾಕಿ."

"ನೀವ?" ಎಂದು ನನ್ನ ಹೆಗಲ ಚೀಲ ನೋಡಿ, "ಆತು, ಅದಕ್ಕೇನಂತ. ಮೊದಲ ನಾಷ್ಟಾ ಮಾಡ್ರಿ" ಎಂದರು.

ಉಪ್ಪಿಟ್ಟು ಗಬಗಬನೆ ತಿಂದೆ. ಪಡಸಾಲೆಯ ಕಿಟಕಿಯಿಂದ ಬಿಸಿಲು ಆಗಲೇ ಚರಕದ ಮೇಲೆ ಬಿದ್ದಿತ್ತು. ಅದು ಸರಿದು ಹೋಗುವುದರೊಳಗೆ ಕೆಲಸ ಆಗಬೇಕು. ಸೊಸೆ ಬಂದು ಚರಕದ ಮುಂದೆ ಕುಳಿತಳು, ಹತ್ತಿಯ ಹಂಜಿ ಕೈಗೆತ್ತಿಕೊಂಡಳು. ನಾನು ಕ್ಯಾಮೆರಾ ಕಣ್ಣಿಗೆ ಹಿಡಿದೆ. ಅಷ್ಟರಲ್ಲಿ ಮುದುಕರು ಒಳಗೆ ಬಂದು ಪಕ್ಕದಲ್ಲೇ ಕಂಬಳಿ ಹಾಸಿ ಕುಳಿತರು. ಸೊಸೆಯ ಸೆರಗು ಸರ್ರನೆ ಹುಬ್ಬಿನ ತನಕ ಇಳಿಯಿತು, ತಲೆ ಬಾಗಿತು. ನನಗೆ ಕಂಡದ್ದು ಮೂಗಿನ ತುದಿ ಮಾತ್ರ.

"ಯವ್ವಾ, ಮಾರಿ ಮ್ಯಾಲ ಮಾಡು. ಪಾಪ, ಬಾಯಾರು ದೂರದಿಂದ ಬಂದಾರ," ಎಂದರು ಮಾವ.

ಮಾವನ ದನಿ ಕೇಳಿ ಸೆರಗು ಇನ್ನೂ ಎರಡು ಬೆರಳು ಕೆಳಗಿಳಿಯಿತು. ಈಗ ಮೂಗೂ ಇಲ್ಲ.

"ಪುಸ್ತಕದಾಗ ಬರೂದೈತಿ, ನಾಚಬ್ಯಾಡ. ಎತ್ತು, ಎತ್ತು." ಅವರು ಹುರುಪಿನಿಂದ ಹೇಳಿದಷ್ಟೂ ಆಕೆ ಮುದುಡುತ್ತ ಹೋದಳು. ಇನ್ನು ನಾಲ್ಕು ಸಲ ಹೇಳಿದ್ದರೆ ಚರಕದೊಳಗೇ ಹೊಕ್ಕುಬಿಡುತ್ತಿದ್ದಳೇನೋ.

ಇವರನ್ನು ಎಬ್ಬಿಸುವುದು ಹೇಗೆ? ಕುಡಿಯಲು ನೀರು ಬೇಕೆಂದೆ. ಮುದುಕರು ಮಿಸುಕಲಿಲ್ಲ, ಸೊಸೆ ಎದ್ದು ಹೋಗಿ ತಂಬಿಗೆ ತಂದಳು. ಕುರ್ಚಿ ಬೇಕೆಂದೆ. ಅದನ್ನೂ ಅವಳೇ ತಂದಳು. ಕೊನೆಗೆ, "ಅಜ್ಜಾರ, ನಿಮ್ಮದೊಂದು ಛಲೋ ಫೋಟೋ ಅಂಗಳದಾಗ ತಗೀತೇನಿ ಬರ್ರಿ" ಎಂದು ಹೊರಗೆ ಕರೆದುಕೊಂಡು ಹೋಗಿ ಕೂಡಿಸಿ ತೆಗೆದೆ. ಕೈಯಲ್ಲಿದ್ದದ್ದು ಒಂದೇ ಸ್ಲೈಡ್ ರೀಲು, ಎಣಿಸಿದಷ್ಟೇ ಚಿತ್ರ. ಮೀಸೆ ತೀಡಿಕೊಂಡು ಒಂದು, ಎತ್ತಿನ ಕೊಂಬು ಹಿಡಿದು ಒಂದು ಎಂದು ಅವರೇ ಒಂದೊಂದಾಗಿ ಹೇಳುತ್ತಿದ್ದರು. ಇಲ್ಲೇ ಬಿಸಿಲಿಗೆ ಕುಳಿತಿರಿ ಎಂದು ಹೇಳಿ ನಾನು ಒಳಗೆ ಓಡಿದರೆ, ನನ್ನ ಹಿಂದೆಯೇ ಅವರೂ ಬಂದರು.

"ನಾ ಇಲ್ಲಿದ್ರ ಆಕೀಗೆ ಧೈರ್ಯ ಬರತೈತ್ರಿ," ಎಂದು ಮತ್ತೆ ಕಂಬಳಿಯ ಮೇಲೆ ಕುಳಿತರು.

ಬಿಸಿಲು ಚರಕ ಬಿಟ್ಟು ಅವಳ ಭುಜಕ್ಕೆ ಸರಿದಿತ್ತು. ಸಂಜೆಯ ಬಸ್ಸಿಗೆ ರೀಲು ಬೆಂಗಳೂರಿಗೆ ಹೋಗಲೇಬೇಕು. ನನ್ನ ತಾಳ್ಮೆ ಮೊದಲೇ ಅಷ್ಟಕ್ಕಷ್ಟೆ. ಕ್ಯಾಮೆರಾ ಕೆಳಗಿಟ್ಟು ಹೇಳಿಯೇ ಬಿಟ್ಟೆ.

"ಅಜ್ಜಾರ, ನೀವು ಇಲ್ಲಿ ಕುಂತಿರೂತನಕ ಈಕಿ ಮಾರಿ ಎತ್ತೂದಿಲ್ಲ. ನನ್ನ ಕೆಲಸ ಆಗೂದಿಲ್ಲ. ಕೈ ಮುಗೀತೇನಿ, ಎದ್ದು ಹೊರಗ ಹೋಗ್ರಿ."

ಮುದುಕರು ಕಣ್ಣು ಪಿಳಿಪಿಳಿ ಬಿಟ್ಟರು. "ನನಗ್ಯಾಕ ಅಂಜತಾಳ್ರಿ? ಒಂದ ದಿನಾ ಗದರಿಸಿಲ್ಲ ನಾ ಈಕೀನ."

"ಅಂಜಿಕಿ ಅಲ್ರಿ, ಮರ್ಯಾದಿ."

"ಮರ್ಯಾದಿ ಮಾಡಬ್ಯಾಡ ಅಂತ ನಾನ ಹೇಳಾಕತ್ತೇನಲ್ರಿ ಆವಾಗಿಂದ!"

ನಾನು ಬಾಗಿಲ ಕಡೆ ಕೈ ತೋರಿಸಿ ನಿಂತೆ. ಅವರು ಕಂಬಳಿ ಝಾಡಿಸಿ, ಮಡಚಿ, ಹೆಗಲಿಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ ಹೊರಟರು. ಸೊಸೆ ತಲೆ ಎತ್ತದೆಯೇ ಆ ಚಪ್ಪಲಿಯ ಸಪ್ಪಳ ಓಣಿ ತಿರುಗುವ ತನಕ ಕೇಳುತ್ತ ಕುಳಿತಳು. ಆಮೇಲೆ ಸೆರಗು ಹೆಗಲಿಗೆ ಜಾರಿತು. ನನ್ನನ್ನು ನೇರವಾಗಿ ನೋಡಿದಳು.

"ನಮ್ಮ ಮಾವಾರ್ನ ಹಿಂಗ ಎಬ್ಬಿಸಿ ಕಳಿಸಿದವರು ಊರಾಗ ಯಾರೂ ಇಲ್ರಿ ಅಕ್ಕಾರ. ನಮ್ಮತ್ತಿ ಇದ್ದಾಗ ಆಕೀ ಕಡಿಂದನೂ ಆಗಿದ್ದಿಲ್ಲ!" ಎಂದವಳೇ ನಕ್ಕಳು. ತಡೆದು ತಡೆದು ಇಟ್ಟುಕೊಂಡ ನಗು, ಕಣ್ಣಲ್ಲಿ ನೀರು ಬರುವಂಥದು. ನೂಲಿನ ಎಳೆ ಕೈಯಲ್ಲೇ ಇತ್ತು, ಬಿಸಿಲು ಕೆನ್ನೆಯ ಮೇಲಿತ್ತು. ರೀಲಿನಲ್ಲಿ ಉಳಿದಿದ್ದಷ್ಟನ್ನೂ ಒತ್ತಿದೆ.

ಮುಖಪುಟ ಬಂತು. ಅವಳ ಹಣೆಯ ಮೇಲೇ ಕೆಂಪು ಅಕ್ಷರದ ತಲೆಬರಹ ಹೇರಿದ್ದರು, ಒಳಗೆ ಊರಿನ ಹೆಸರು ತಪ್ಪಾಗಿ ಅಚ್ಚಾಗಿತ್ತು. ಫೋನಿನಲ್ಲಿ ಜಗಳಾಡಿದರೆ ಸಂಪಾದಕರು ಅಂದದ್ದು, "ಫೋಟೋ ಚೆನ್ನಾಗಿದೆಯಲ್ಲ ಮೇಡಂ, ಬಿಡಿ." ಸಿಟ್ಟಿನಲ್ಲೂ ನನಗೆ ಖುಷಿಯಾಗಿತ್ತು ಎಂಬುದು ನಿಜ. ಒಂದು ಪ್ರತಿ ತೆಗೆದುಕೊಂಡು ಗರಗಕ್ಕೆ ಹೋದೆ.

ಮುದುಕರು ಹೊಲದಿಂದ ಬರುತ್ತ ಓಣಿಯಲ್ಲೇ ಸಿಕ್ಕರು. ಪತ್ರಿಕೆ ಕೊಟ್ಟೆ. ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು.

"ಈಕಿ ನಮ್ಮ ಸೊಸೀನ ಏನ್ರಿ?"

"ಮತ್ತ್ಯಾರ್ರಿ ಅಜ್ಜಾರ?"

"ಲಗ್ನಾ ಆಗಿ ಬಂದು, ಮಕ್ಕಳು ಸಾಲಿಗೆ ಹೋಗಾಕತ್ತಾವು. ಹಿಂಗ ನಗೂದು ನಾ ನೋಡೇ ಇಲ್ರಿ." ಮತ್ತೆ ನೋಡಿದರು. "ಯಾವಾಗ ನಕ್ಕಾಳ?"

"ನೀವು ಎದ್ದ ಹೋದ ಮ್ಯಾಲ್ರಿ."

ಅವರು ಪತ್ರಿಕೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನನ್ನ ಮುಂದೆ ನಡೆದರು. ಆ ದಿನದಿಂದ ನಾನು ಅವರನ್ನು ಬೈದುಕೊಳ್ಳುತ್ತಲೇ ಬಂದಿದ್ದೆ, ಆದರೆ ಆ ಬೆನ್ನು ನೋಡುತ್ತ ಬೈಗುಳ ನಾಲಿಗೆಗೆ ಬರದಾಯಿತು. ಅದಕ್ಕೂ ನನಗೆ ರೇಗಿತು.

ಮನೆಯೊಳಗೆ ಸೊಸೆ ಪಕ್ಕದ ಮನೆಯಾಕೆಯೊಂದಿಗೆ ಏನೋ ಹೇಳಿಕೊಂಡು ನಗುತ್ತಿದ್ದಳು. ಮುದುಕರು ಮೆಟ್ಟಿಲ ಮೇಲೆ ಒಂದು ಕಾಲಿಟ್ಟವರು ಹಾಗೇ ನಿಂತರು. ಆಮೇಲೆ ಕಾಲು ಹಿಂದಕ್ಕೆ ತೆಗೆದು, ಸದ್ದಾಗದಂತೆ ಚಪ್ಪಲಿ ಬಿಚ್ಚಿ, ಕಟ್ಟೆಯ ಮೇಲೆ ಕುಳಿತು ಪತ್ರಿಕೆಯನ್ನು ನನ್ನ ಕೈಗೆ ಕೊಟ್ಟರು.

"ನೀವ ಹೋಗಿ ತೋರಸ್ರಿ."

"ನೀವೂ ಬರ್ರಿ ಅಜ್ಜಾರ."

"ಬ್ಯಾಡ್ರಿ. ನಾ ಒಳಗ ಹೋದ್ರ ಆಕಿ ನಗೂದು ನಿಂತು ಹೋಗತೈತಿ." ನಾನು ಹೊಸ್ತಿಲು ದಾಟಿ ಹಿಂದಿನಿಂದ ಬಾಗಿಲು ಎಳೆದುಕೊಳ್ಳುತ್ತಿದ್ದಾಗ ಅವರು ಪಿಸುದನಿಯಲ್ಲಿ ಕರೆದರು. "ಯವ್ವಾ, ಬಾಗಲಾ ಪೂರ್ತಿ ಹಾಕಬ್ಯಾಡ್ರಿ."