ಹಬೆ ಏರುವ ಮುನ್ನ ಇಪ್ಪತ್ತು ನಿಮಿಷ

ಬೆಳಗಿನ ಐದೂವರೆ. ಲಾಂಡ್ರಿಯ ಬಾಯ್ಲರ್ ಈಗಷ್ಟೇ ಹೊತ್ತಿಕೊಂಡಿದೆ. ಹಬೆ ಏರಲು ಇಪ್ಪತ್ತು ನಿಮಿಷ ಬೇಕು. ಅಷ್ಟೇ ಹೊತ್ತು ಇಸ್ತ್ರಿ ಅಕ್ಕನ ಇಂಗ್ಲಿಷ್ ಪಾಠ. ತಳ್ಳುಗಾಡಿಯ ತಗಡಿನ ಮೇಲೆ ಆಕೆ ಸೀಮೆಸುಣ್ಣದಲ್ಲಿ ಬರೆಯುತ್ತಾರೆ: ದಿ ಲಾಚ್ ವಾಸ್ ಬ್ರೋಕನ್. ಚಿಲಕ ಮುರಿದಿತ್ತು. ಎದುರಿಗೆ ಕೊಳೆಬಟ್ಟೆಯ ಗಂಟುಗಳ ಮೇಲೆ ಒಂಬತ್ತು ಹೆಂಗಸರು.

"ಯಾವುದರ ಬಗ್ಗೆ ಮಾತು?"

"ಚಿಲಕ," ಎನ್ನುತ್ತಾಳೆ ಎಲ್ಲರೂ ಗುಬ್ಬಿ ಎಂದು ಕರೆಯುವ ಸಣಕಲು ಹೆಂಗಸು.

"ಅದಕ್ಕೇನಾಗಿತ್ತು?"

"ಮುರಿದಿತ್ತು. ಎಂಟು ದಿನದಿಂದ ಹೇಳ್ತಾನೇ ಇದ್ದೆ, ಕಿವಿಗೆ ಹಾಕ್ಕೊಂಡೋರು ಯಾರು?"

"ಅಷ್ಟುದ್ದ ಬೇಡ ತಾಯಿ, ಹಬೆ ಬಂದ್ಬಿಡುತ್ತೆ."

ಗುಬ್ಬಿ ಒಗೆಯುವ ಡ್ರಮ್ ನೋಡಿಕೊಳ್ಳುವಾಕೆ. ಹೋದ ತಿಂಗಳು ಚಿಲಕ ಮುರಿದಿದ್ದ ಅದರ ಮುಚ್ಚಳ ತಾನಾಗಿ ತೆರೆದುಕೊಂಡು ಕುದಿನೀರು ಎರಚಿತು. ಅವಳ ಕುತ್ತಿಗೆಯ ಸುಟ್ಟಗಾಯದ ಪಟ್ಟಿ ಇನ್ನೂ ಬಿಚ್ಚಿಲ್ಲ. ಇವತ್ತು ಹತ್ತು ಗಂಟೆಗೆ ಲಾಂಡ್ರಿಯ ಆಫೀಸಿನಲ್ಲಿ ವಿಚಾರಣೆ. ಇಂಗ್ಲಿಷಿನಲ್ಲಿ ಬರೆದ ಕಾಗದ ಮುಂದಿಡುತ್ತಾರೆ. ಸಹಿ ಹಾಕದಿದ್ದರೆ ಕೆಲಸ ಉಳಿಯುವುದು ಅನುಮಾನ.

ಅಕ್ಕ ಹೇಳಿಕೊಡುವುದು ಎರಡೇ ಬಗೆಯ ವಾಕ್ಯ, ಹೇಳುವುದು ಮತ್ತು ಕೇಳುವುದು. "ಅಪ್ಪಣೆ ಕೊಡೋದು ದಿನವಿಡೀ ಕಿವಿಗೆ ಬೀಳುತ್ತೆ, ಅದಕ್ಕೆ ಪಾಠ ಯಾಕೆ? ಉದ್ಗಾರದ್ದು ಬಿಸಿ ತಗಡು ತಾಗಿದ್ರೆ ತಾನೇ ಬರುತ್ತೆ." ಹೆಂಗಸರು ನಗುತ್ತಾರೆ. ಗುಬ್ಬಿ ನಗುವುದಿಲ್ಲ.

ಐದನೇ ತರಗತಿಗೆ ಶಾಲೆ ಬಿಟ್ಟ ಅಕ್ಕ ದಿನಕ್ಕೆ ನಾನ್ನೂರು ಅಂಗಿ ಇಸ್ತ್ರಿ ಮಾಡುತ್ತಾರೆ. ಮೊದಲ ಇಂಗ್ಲಿಷ್ ಕಲಿತದ್ದು ಅಂಗಿಗಳ ಕಾಲರಿನ ಚೀಟಿಗಳಿಂದ. ಆರು ವರ್ಷದ ಹಿಂದೆ ಇಲ್ಲೇ ದುಡಿಯುತ್ತಿದ್ದ ತಂಗಿಯ ಬಲಗೈ ಬಿಸಿ ರೋಲರಿಗೆ ಸಿಕ್ಕಿತು. ಆಸ್ಪತ್ರೆಯ ಹಾಸಿಗೆಗೇ ಕಾಗದ ಬಂತು. "ಬ್ಲೀಚ್ ಹಾಕಬೇಡಿ, ತಣ್ಣೀರಲ್ಲಿ ಒಗೆಯಿರಿ. ನಂಗೆ ಗೊತ್ತಿದ್ದ ಇಂಗ್ಲಿಷ್ ಅಷ್ಟೇ. ಇದ್ರಲ್ಲಿ ಏನಿದೆ ಅಂತ ಕೇಳೋಕೂ ಬಾಯಿ ಬರ್ಲಿಲ್ಲ." ತಂಗಿ ಎಡಗೈ ಹೆಬ್ಬೆಟ್ಟು ಒತ್ತಿದಳು. ತಪ್ಪೆಲ್ಲ ನನ್ನದೇ ಎಂದು ಅದರಲ್ಲಿ ಬರೆದಿತ್ತು.

ರದ್ದಿ ಅಂಗಡಿಯಲ್ಲಿ ಸಿಕ್ಕ ರಟ್ಟಿಲ್ಲದ ವ್ಯಾಕರಣ ಪುಸ್ತಕವನ್ನು ಅಕ್ಕ ಮೂರು ವರ್ಷ ಓದಿದರು. ಈಗಲೂ ದಿನಾ ನಾಲ್ಕಕ್ಕೆದ್ದು ತಂಗಿಗೆ ಜಡೆ ಹೆಣೆದೇ ಕೆಲಸಕ್ಕೆ ಹೊರಡುತ್ತಾರೆ.

"ಸೈನ್ ಹಾಕ್ಲಾ ಬೇಡ್ವಾ, ನೀವೇ ಹೇಳಿ ಅಕ್ಕ," ಎಂದು ಗುಬ್ಬಿ ಅಂಗಲಾಚುತ್ತಾಳೆ.

"ನಾನು ಹೇಳಲ್ಲ. ಓದಿ ನೋಡು."

ಹತ್ತೂಕಾಲಿಗೆ ಗುಬ್ಬಿ ಹೊರಗೆ ಬಂದು ಇಸ್ತ್ರಿ ಮೇಜಿನ ಪಕ್ಕ ನಿಲ್ಲುತ್ತಾಳೆ.

"ಬೆರಳಿಟ್ಟು ಒಂದೊಂದೇ ಸಾಲು ಓದಿದೆ. ಚಿಲಕದ ಮಾತೇ ಇಲ್ಲ. ಮುಚ್ಚಳ ನಾನೇ ತೆಗೆದೆ ಅಂತಿದೆ. ಚಿಲಕ ಮುರಿದಿತ್ತು ಅಂತ ಇಂಗ್ಲಿಷಲ್ಲೇ ಹೇಳಿದೆ. ಪೆನ್ನು ಕೈಗೆ ಕೊಟ್ರು." ಕುತ್ತಿಗೆಯ ಪಟ್ಟಿ ಸರಿಮಾಡಿಕೊಂಡು ಹೇಳುತ್ತಾಳೆ: "ಮನೇಲಿ ದುಡಿಯೋಳು ನಾನೊಬ್ಳೇ ಅಕ್ಕ. ಹಾಕ್ಬಿಟ್ಟೆ."

ಅಕ್ಕ ಅಂಗಿಯ ತೋಳು ತಿರುವಿ ಹಾಕುತ್ತಾರೆ.

"ನಾಳೆ ಬರ್ತೀಯಲ್ಲ?"

"ಕೆಲಸ ಉಳೀತಲ್ಲ, ಬರ್ಲೇಬೇಕು."

"ಪಾಠಕ್ಕೆ ಕೇಳಿದ್ದು."

ಗುಬ್ಬಿ ತಲೆಯಾಡಿಸಿ ಡ್ರಮ್ಮಿನ ಕಡೆ ಹೋಗುತ್ತಾಳೆ. ಆ ಚಿಲಕಕ್ಕೆ ಈಗ ತಂತಿ ಸುತ್ತಿದ್ದಾರೆ.

ಬೇಸರವಾಗಿಲ್ಲವೇ ಎಂದು ಕೇಳಿದರೆ ಅಕ್ಕ ಅಂಗಿ ಮಡಿಸಿಟ್ಟು ಹೇಳುತ್ತಾರೆ: "ಓದಿ ಹಾಕಿದಾಳೆ. ಏನಿದೆ ಅಂತ ತಿಳೀದೆ ಒತ್ತೋ ಹೆಬ್ಬೆಟ್ಟು ಇಲ್ಲಿ ನನ್ನ ತಂಗೀದೇ ಕೊನೇದಾಗ್ಲಿ. ನಂಗೆ ಅಷ್ಟು ಸಾಕು."