ಕೆಂಪು ಗೂಟದ ತಾಕುಗಳು

ಜನವರಿಯಲ್ಲಿ ದೆಹಲಿಯ ಸೂರ್ಯನನ್ನು ನಂಬಿ ಕೆಲಸ ಇಟ್ಟುಕೊಂಡವರು ಉದ್ಧಾರವಾಗುವುದಿಲ್ಲ. ನಾನು ಇಟ್ಟುಕೊಂಡಿದ್ದೆ. ಗೋಧಿ ಹೊಲದಲ್ಲಿ ಬೆಳೆ ಮತ್ತು ಕಳೆ ಬೆಳಕಿಗಾಗಿ ಹೇಗೆ ಪೈಪೋಟಿ ನಡೆಸುತ್ತವೆ ಎನ್ನುವುದು ನನ್ನ ಪಿಎಚ್‌.ಡಿ. ವಿಷಯ. ನಡುಮಧ್ಯಾಹ್ನ ಗಿಡಗಳ ಬುಡಕ್ಕೆ ಬೆಳಕಿನ ಮೀಟರಿರುವ ಉದ್ದನೆಯ ಕೋಲನ್ನು ತೂರಿಸಿ, ಮೇಲೆ ಬಿದ್ದ ಬೆಳಕಿನಲ್ಲಿ ನೆಲಕ್ಕೆ ಎಷ್ಟು ತಲುಪಿತೆಂದು ಅಳೆಯಬೇಕು. ಮಂಜು ಕವಿದ ದಿನ ಅಳೆಯುವಂತಿಲ್ಲ. ಹಾಗಾಗಿ ಬದುವಿನ ಮೇಲೆ ಶಾಲು ಹೊದ್ದು ಕೂತು ಬಿಸಿಲಿಗೆ ಕಾಯುವುದೇ ನನ್ನ ಸಂಶೋಧನೆಯ ಬಹುಪಾಲಾಗಿತ್ತು. ಬೆಳಗ್ಗೆ ಜನಕಪುರಿಯ ಬಾಡಿಗೆ ಕೋಣೆಯಿಂದ ಬಸ್ಸು ಹತ್ತಿ ಬಂದರೆ, ಸಂಜೆ ವಾಪಸಾಗುವವರೆಗೆ ಹೊಲ ಕಾಯುವ ಭಯ್ಯಾ ಬಿಟ್ಟರೆ ಮಾತಿಗೆ ಯಾರೂ ಇಲ್ಲ. ಎಷ್ಟೋ ದಿನ ಒಂದು ಕನ್ನಡ ಮಾತೂ ಆಡದೆ ಮಲಗುತ್ತಿದ್ದೆ.

ನನ್ನ ಹೊಲದ ಕಳೆ ಹೆಚ್ಚಾಗಿ ಬಥುವಾ. ಗೋಧಿ ಇನ್ನೂ ಬುಡದಲ್ಲಿ ಮರಿ ಒಡೆಯುತ್ತಿರುವಾಗಲೇ ಇದು ಅದರ ನೆತ್ತಿ ಮೀರಿ ಎಲೆ ಹರಡಿಬಿಡುತ್ತದೆ. ಕೆಳಗೆ ಸಿಕ್ಕಿಬಿದ್ದ ಗೋಧಿ ಬೆಳಕು ಹುಡುಕುತ್ತ ಸಣಕಲಾಗಿ ಉದ್ದವಾಗುತ್ತದೆ, ಕಾಂಡದಲ್ಲಿ ಕಸುವಿರುವುದಿಲ್ಲ. ಹೊಲವನ್ನು ಸಣ್ಣ ಸಣ್ಣ ತಾಕುಗಳಾಗಿ ವಿಂಗಡಿಸಿ, ಕೆಲವು ತಾಕುಗಳಲ್ಲಿ ಕಳೆಯನ್ನು ಪೂರ್ತಿ ಕೀಳಿಸಿದ್ದೆ. ಇನ್ನು ಕೆಲವಕ್ಕೆ ಮೂಲೆಯಲ್ಲಿ ಕೆಂಪು ಗೂಟ ಹೊಡೆದು, ಕೊಯ್ಲಿನವರೆಗೂ ಒಂದು ಎಲೆಯನ್ನೂ ಮುಟ್ಟದೆ ಬಿಡಬೇಕಿತ್ತು. ಎರಡನ್ನೂ ಹೋಲಿಸಿದರೆ ಮಾತ್ರ ಪ್ರಯೋಗಕ್ಕೆ ಅರ್ಥ. ಹಿಂದಿನ ವರ್ಷದ ಫಲಿತಾಂಶ ಕೈಯಲ್ಲಿತ್ತು. ಈ ಚಳಿಗಾಲದ್ದೂ ಸಿಕ್ಕಿದರೆ ಹೊಲದ ಕೆಲಸ ಮುಗಿಯಿತು, ಪ್ರಬಂಧವನ್ನು ಊರಲ್ಲೇ ಕೂತು ಬರೆಯಬಹುದು ಎಂದು ಗೈಡ್ ಒಪ್ಪಿದ್ದರು. ಆ ಒಂದು ಮಾತನ್ನು ಹಿಡಿದುಕೊಂಡು ದಿನ ನೂಕುತ್ತಿದ್ದೆ.

ಆಗಲೇ ಅಮ್ಮ ಕೋಲಾರದಿಂದ ರಾಗಿಹಿಟ್ಟಿನ ಚೀಲ ಹೊತ್ತು ಬಂದದ್ದು. ಹಿಂದಿ ಬಾರದು, ಚಳಿ ತಡೆಯದು. ಕೆಲವು ದಿನ ಕೋಣೆಯ ಗೋಡೆ ನೋಡಿ ಸಾಕಾಗಿ, "ನಿನ್ನ ಹೊಲಾನಾದ್ರೂ ತೋರ್ಸೇ" ಅಂದಳು. ಕರೆದುಕೊಂಡು ಹೋದೆ. ಅವಳನ್ನು ಬದುವಿನ ಮೇಲೆ ಕೂರಿಸಿ, ಗೈಡ್ ಕರೆದಿದ್ದ ಮೀಟಿಂಗಿಗೆ ಹೋದೆ. ಅದು ಎಂದಿನಂತೆ ಮಧ್ಯಾಹ್ನದವರೆಗೂ ಎಳೆಯಿತು.

ಹಿಂತಿರುಗಿದಾಗ ಬಿಸಿಲು ಬಿದ್ದಿತ್ತು. ಅಮ್ಮ ಸೀರೆ ಎತ್ತಿಕಟ್ಟಿ, ಕೆಂಪು ಗೂಟದ ಕೊನೆಯ ತಾಕಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು. ನಮ್ಮ ಕೋಣೆಯಷ್ಟೇ ಅಗಲದ ಆ ತಾಕುಗಳಲ್ಲಿ ಒಂದನ್ನೂ ಬಿಟ್ಟಿರಲಿಲ್ಲ. ಬದುವಿನುದ್ದಕ್ಕೂ ಬಥುವಾದ ಕಂತೆಗಳು. ಗೂಟ ಯಾಕೆಂದು ತಿಳಿಯದ ಭಯ್ಯಾ ಪಕ್ಕದಲ್ಲಿ ನಿಂತು, "ಮಾತಾಜೀ ನೇ ಕಮಾಲ್ ಕರ್ ದಿಯಾ!" ಎಂದು ಮೆಚ್ಚುತ್ತಿದ್ದ.

"ನೋಡೇ, ಎಂಥಾ ಎಳೇ ಚಕ್ಕೋತ ಸೊಪ್ಪು!" ಅಂದಳು ಅಮ್ಮ. "ಅಲ್ಲಾ, ಬೇರೆ ಮಡಿಗಳೆಲ್ಲ ಕನ್ನಡಿ ತರ ಇದಾವೆ, ಇವನ್ನ ಮಾತ್ರ ಹಿಂಗೆ ಬಿಟ್ಟಿದೀಯಲ್ಲ. ನೋಡ್ದೋರು ಏನಂತಾರೆ, ರೈತನ ಮಗಳು ಅಂತ?"

ಅಷ್ಟು ದಿನದಲ್ಲಿ ಅವಳು ನಕ್ಕದ್ದು ಆಗಲೇ. ನನಗೆ ಸಿಟ್ಟು, ಅಳು ಎರಡೂ ಒಟ್ಟಿಗೇ ಬಂದವು. ಆಸರೆಗಿದ್ದ ಕಳೆ ಹೋದದ್ದರಿಂದ ಸಣಕಲು ಗೋಧಿ ಅಲ್ಲಲ್ಲಿ ಆಗಲೇ ವಾಲಿತ್ತು. ಕೊನೆಗೆ ವಿಷಯ ಹೇಳಿದೆ. ಅಮ್ಮ ಕೈಯಲ್ಲಿದ್ದ ಸೊಪ್ಪನ್ನೇ ನೋಡಿದಳು.

"ವಾಪಸ್ ನೆಟ್ಬಿಡ್ಲಾ? ಬೇರಿದೆ. ನೀರು ಹಾಕಿದ್ರೆ ಹತ್ಕೊಳ್ಳುತ್ತೆ."

ಬೇಡ ಅಂದೆ. ಅವಳು ಕೇಳಲಿಲ್ಲ, ಒಂದು ಸಾಲು ನೆಟ್ಟಳು. ನೆಟ್ಟವು ಕಣ್ಣೆದುರೇ ಬಾಡಿದವು. ಸಂಜೆ ಕೋಣೆಯಲ್ಲಿ ಮಸ್ಸೊಪ್ಪು, ಮುದ್ದೆ ಮಾಡಿದಳು. ಸಾರು ಬಹಳ ಚೆನ್ನಾಗಿತ್ತು, ಎರಡನೇ ಸಲ ಹಾಕಿಸಿಕೊಂಡೆ.

ಇನ್ನೊಂದು ಚಳಿಗಾಲ ನಿಲ್ಲದೆ ಬೇರೆ ದಾರಿಯಿಲ್ಲ ಅಂದರು ಗೈಡ್. ನನ್ನನ್ನು ಬೇಗ ಮನೆಗೆ ಕರೆದೊಯ್ಯುವ ಆಸೆಯಲ್ಲಿ ಬಂದಿದ್ದ ಅಮ್ಮ ಒಬ್ಬಳೇ ರೈಲು ಹತ್ತಿದಳು. ನವೆಂಬರಿನಲ್ಲಿ ಮತ್ತೆ ಬಿತ್ತಿ, ಗೂಟ ಹೊಡೆದು, ಊರಿಗೆ ಫೋನ್ ಮಾಡಿದೆ.

"ಜನವರೀಲಿ ಬಾಮ್ಮ. ಹೊಲಕ್ಕೆ ಬರ್ಬೇಡ, ಕೋಣೇಲಿದ್ರೆ ಸಾಕು."

"ಬೇಡ ಕಣೇ. ನನ್ ಕೈ ಸುಮ್ನಿರಲ್ಲ. ನೀನು ಮುಗಿಸ್ಕೊಂಡು ಬಾ."

ನಾನು ಎಷ್ಟು ಗೋಗರೆದರೂ ಅವಳು ಬರಲಿಲ್ಲ. ಆ ವರ್ಷ ಬಥುವಾ ನನ್ನ ಸೊಂಟದವರೆಗೆ ಬೆಳೆಯಿತು. ಫೆಬ್ರವರಿಯ ಒಂದು ಮಧ್ಯಾಹ್ನ ಗೈಡ್ ಬಂದು, ಕೆಂಪು ಗೂಟದ ತಾಕುಗಳನ್ನೆಲ್ಲ ಸುತ್ತಿ ನೋಡಿ, ಒಂದು ಗಿಡವೂ ಕದಲಿಲ್ಲವಲ್ಲ, ಭೇಷ್ ಅಂದರು.

"ಹೌದು ಸರ್, ಈ ಸಲ ಯಾರೂ ಬರಲಿಲ್ಲ" ಅಂದೆ.